ನೂರ ಹದಿನೆಂಟು ಮೀಟರ್

ನಾನು ಸುಲಭಕ್ಕೆ ಬೆರಗಾಗುವ ಆಸಾಮಿಯಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಕಲ್ಲುಗಣಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಸೈರನ್ ಕೂಗುತ್ತದೆ, ಕಾಲಡಿಯ ನೆಲ ಒಮ್ಮೆ ಎದ್ದು ಕೂರುತ್ತದೆ, ಎದುರಿನ ಗುಡ್ಡದ ಒಂದು ಮಗ್ಗುಲು ಕಳಚಿಕೊಂಡು ಕೆಳಗೆ ಬರುತ್ತದೆ. ಹೊಸದಾಗಿ ಸೇರಿದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಾನು ಧೂಳು ಬೀಳದ ಹಾಗೆ ಚಹಾದ ಲೋಟದ ಮೇಲೆ ಅಂಗೈ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಪೇಪರಿನ ಪುಟ ತಿರುವುತ್ತೇನೆ.

ಅಂಥವನನ್ನು ಮೂರು ಬೆರಳು ಅಗಲದ ಒಂದು ಬಟ್ಟೆಯ ಪಟ್ಟಿ ದಂಗುಬಡಿಸಿತು ಎಂದರೆ ನಗಬೇಡಿ. ಅದರಲ್ಲಿ ನನ್ನ ತಂಗಿಯ ಪಾಲೂ ಇದೆ. ಇಬ್ಬರಲ್ಲಿ ಯಾರು ಹೆಚ್ಚು ಗಟ್ಟಿ ಎನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ನಮ್ಮ ಗಣಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಒಂದೊಂದು ಮೆಟ್ಟಿಲೂ ಎರಡು ಮಹಡಿಯಷ್ಟು ಎತ್ತರ. ಎರಡನೇ ಮೆಟ್ಟಿಲಲ್ಲಿ ತಗಡಿನ ಚಾವಣಿಯ ನಮ್ಮ ವರ್ಕ್‌ಶಾಪು. ಅದೇ ಮಟ್ಟದಲ್ಲಿ ನಾನೂರು ಹೆಜ್ಜೆ ಆಚೆ ಕಲ್ಲು ಪುಡಿ ಮಾಡುವ ಕ್ರಷರ್. ಇಂಥ ಜಾಗದಲ್ಲಿ ಕಾರು ಗೀರು ಓಡುವುದಿಲ್ಲ. ಅದಕ್ಕೆಂದೇ ಒಂಬತ್ತು ಗುಡ್ಡಗಾಡಿನ ಗಾಡಿಗಳಿವೆ. ಬಾಗಿಲಿಲ್ಲ, ಗಾಜಿಲ್ಲ, ಎರಡು ಸೀಟು, ದಪ್ಪ ಹಲ್ಲಿನ ನಾಲ್ಕು ಟೈರು, ತಲೆಯ ಮೇಲೆ ಕಬ್ಬಿಣದ ಪೈಪುಗಳ ಪಂಜರ. ಕಲ್ಲಿನ ಮೇಲೆ ಕುಪ್ಪಳಿಸಿಕೊಂಡು ಹೋಗುವುದರಿಂದ ನಾವು ಅವನ್ನು ಕಪ್ಪೆ ಎನ್ನುತ್ತೇವೆ. ಒಂದನೇ ಕಪ್ಪೆ, ಎರಡನೇ ಕಪ್ಪೆ, ಹೀಗೆ ಒಂಬತ್ತರವರೆಗೆ.

ಕಪ್ಪೆಗಳಿಗೆ ಒಂದು ಕೆಟ್ಟ ಚಾಳಿ ಇತ್ತು. ಕೂತವರು ಸೀಟ್ ಬೆಲ್ಟ್ ಹಾಕದಿದ್ದರೆ ಕೀಂ ಕೀಂ ಎಂದು ಒಂದೇ ಸಮನೆ ಕೂಗಿಕೊಳ್ಳುವುದು. ಆಕ್ಸಿಲರೇಟರ್ ಎಷ್ಟೇ ತುಳಿದರೂ ನಡಿಗೆಯ ವೇಗ ದಾಟದೆ ಸತಾಯಿಸುವುದು. ನಮ್ಮವರು ದಿನಕ್ಕೆ ಐವತ್ತು ಸಲ ಹತ್ತಿ ಇಳಿಯುವವರು. ಇಲ್ಲಿಂದ ತೂಕದ ಕಟ್ಟೆಗೆ, ಅಲ್ಲಿಂದ ಡೀಸೆಲ್ ಟ್ಯಾಂಕಿಗೆ, ಅಲ್ಲಿಂದ ಮತ್ತೆ ಇಲ್ಲಿಗೆ. ಅಷ್ಟಷ್ಟು ದೂರಕ್ಕೆ ಯಾರು ಎಳೆದು ಕಟ್ಟಿಕೊಳ್ಳುತ್ತಾರೆ? ಎಲ್ಲರೂ ಬಂದು ನನ್ನ ಪ್ರಾಣ ತಿಂದರು. ನಾನು ಕೈಕೆಲಸಕ್ಕೆ ಎತ್ತಿದ ಕೈ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಗುಜರಿ ಗಾಡಿಗಳ ಬೆಲ್ಟಿನ ತುದಿಯಲ್ಲಿದ್ದ ಉಕ್ಕಿನ ನಾಲಿಗೆಗಳನ್ನು ಕತ್ತರಿಸಿ, ಅರ ಹಾಕಿ ತೀಡಿ, ಕಪ್ಪೆಗಳ ಬಕಲ್ಲಿಗೆ ಸಿಕ್ಕಿಸಿದೆ. ಬೆಲ್ಟ್ ಹಾಕಿಯಾಗಿದೆ ಎಂದುಕೊಂಡು ಗಾಡಿ ಗಪ್‌ಚಿಪ್ ಆಯಿತು. ಅದಕ್ಕೆ ಬಾಯಿಬೀಗ ಎಂದು ಹೆಸರಿಟ್ಟವನೂ ನಾನೇ. ಮೊದಮೊದಲು ಅವರವರೇ ಒಬ್ಬರ ಬಾಯಿಬೀಗ ಇನ್ನೊಬ್ಬರು ಕದ್ದುಕೊಂಡು ಹೋಗುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಹೊರಗೆ ಚಾಚಿದ ತುದಿಯನ್ನು ಬಕಲ್ಲಿನ ಬಾಯಿಯ ಮಟ್ಟಕ್ಕೆ ಸವರಿ, ಉಗುರಿಗೂ ಸಿಗದ ಹಾಗೆ ಬಿಗಿಯಾಗಿ ಕೂರಿಸಿದೆ. ಕೆಂಪು ಗುಂಡಿ ಒತ್ತಿದರೂ ಅದು ಈಚೆ ಬರುವುದಿಲ್ಲ. ತೆಳು ಸ್ಕ್ರೂಡ್ರೈವರಿನಲ್ಲಿ ಮೀಟುತ್ತ ಒದ್ದಾಡಬೇಕು. ಒಂಬತ್ತು ಕಪ್ಪೆ, ಹದಿನೆಂಟು ಬಾಯಿಬೀಗ, ಒಂದೊಂದರ ಮೇಲೂ ಉಳಿಯಲ್ಲಿ ಹೊಡೆದ ನನ್ನ ಗುರುತಿನ ಚುಕ್ಕೆ. ಅಷ್ಟು ಜಂಭ ನನಗೆ.

ಆಮೇಲೆ ನನ್ನ ತಂಗಿ ಇದೇ ಗಣಿಗೆ ಸರ್ವೇಯರ್ ಆಗಿ ಬಂದಳು.

ಅವಳು ನನಗಿಂತ ಹದಿಮೂರು ವರ್ಷ ಚಿಕ್ಕವಳು. ಅಮ್ಮನಿಗೆ ಬಟ್ಟೆ ಗಿರಣಿಯಲ್ಲಿ ಬೆಳಗಿನ ಪಾಳಿ ಇದ್ದುದರಿಂದ ಅವಳಿಗೆ ತಲೆ ಬಾಚಿ, ಶೂ ಲೇಸು ಕಟ್ಟಿ, ಶಾಲೆಯ ಚೀಲದ ಪಟ್ಟಿಯನ್ನು ಹೆಗಲಿಗೇರಿಸಿ ಕಳಿಸುತ್ತಿದ್ದವನು ನಾನು. ಲೇಸು ಸಡಿಲವಾಗಿದೆ ಎಂದು ಅನುಮಾನ ಬಂದರೆ ಬಾಗಿಲಿನಿಂದ ವಾಪಸು ಬಂದು ಕಾಲು ಚಾಚಿ ನಿಲ್ಲುತ್ತಿದ್ದಳು. ಶಾಲೆಗೆ ತಡವಾದರೂ ಸರಿ. ಅಂದಿನ ಹಟ ಇಂದಿಗೂ ಹಾಗೇ ಇದೆ, ಒಂದು ಗುಲಗಂಜಿ ಕಡಿಮೆಯಾಗಿಲ್ಲ. ಗಣಿಯಲ್ಲಿ ಎಲ್ಲರೂ ಅವಳನ್ನು ಅಳತೆ ಮೇಡಂ ಎನ್ನುತ್ತಾರೆ. ಮುಕ್ಕಾಲಿ ಕ್ಯಾಮೆರಾದ ಹಾಗಿರುವ ಅಳತೆಯ ಯಂತ್ರವನ್ನು ಹೆಗಲ ಮೇಲೆ ಹೊತ್ತು, ಎಲ್ಲಿಂದ ಎಲ್ಲಿಗೆ ಎಷ್ಟು ಎಂದು ಹೇಳುವುದೇ ಅವಳ ಕೆಲಸ. ಅಂದಾಜು ಎನ್ನುವ ಮಾತು ಅವಳಿಗೆ ಆಗುವುದಿಲ್ಲ.

ಬಂದ ಮೊದಲ ದಿನವೇ ಕಪ್ಪೆ ಹತ್ತಿ, ಬೆಲ್ಟ್ ಎಳೆದು, ಬಕಲ್ಲಿನ ಬಾಯಿ ತುಂಬಿರುವುದನ್ನು ಕಂಡು, “ಇದ್ಯಾವನ ಕೆಲಸ?” ಎಂದು ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು. ಅವತ್ತಿನಿಂದ ಅವಳ ಜೇಬಿನಲ್ಲಿ ಸದಾ ಒಂದು ತೆಳು ಸ್ಕ್ರೂಡ್ರೈವರ್. ತಾನು ಯಾವ ಕಪ್ಪೆ ಹತ್ತಿದರೂ ಮೊದಲು ನನ್ನ ಬಾಯಿಬೀಗ ಕೀಳುವುದು, ಆಮೇಲೆ ಬೆಲ್ಟ್ ಹಾಕುವುದು, ಆಮೇಲೆ ಹೊರಡುವುದು. ಅವಳು ಇಳಿದ ಮೇಲೆ ನಾನು ಹೋಗಿ ಮತ್ತೆ ಸಿಕ್ಕಿಸುವುದು. ಅಣ್ಣ ತಂಗಿಯ ಈ ಹಗ್ಗಜಗ್ಗಾಟ ಗಣಿಗೆಲ್ಲ ಪುಕ್ಕಟೆ ತಮಾಷೆಯಾಗಿತ್ತು.

“ತಲೆ ಮೇಲೆ ಅಷ್ಟು ದಪ್ಪ ಪಂಜರ ಇದೆಯಲ್ಲೇ, ಅದಿರೋದ್ಯಾಕೆ?” ಎಂದು ನಾನು ಒಮ್ಮೆ ವಾದಕ್ಕಿಳಿದೆ.

“ಪಂಜರ ಕಾಪಾಡೋದು ಒಳಗಿದ್ದೋರನ್ನ. ನೀನು ಒಳಗೇ ಉಳೀತೀಯ ಅಂತ ಯಾರು ಹೇಳಿದ್ರು?”

“ಗಟ್ಟಿಯಾಗಿ ಹಿಡ್ಕೊಂಡ್ರಾಯ್ತಪ್ಪ.”

“ನಿನ್ನ ಕೈ ನಿನ್ನನ್ನ ಹಿಡಿಯುತ್ತಾ? ಸರಿ ಬಿಡು,” ಎಂದು ಯಂತ್ರ ಹೆಗಲಿಗೇರಿಸಿ ನಡೆದಳು. ಎಲ್ಲರೆದುರು ಮುಖಭಂಗವಾದರೂ ನನಗೆ ಆ ಮಾತು ತಲೆಗೆ ಹೋಗಲಿಲ್ಲ.

ಅವತ್ತು ಮಧ್ಯಾಹ್ನದ ಸ್ಫೋಟ ಮುಗಿದು ಇನ್ನೂ ಧೂಳು ಅಡಗಿರಲಿಲ್ಲ. ಕ್ರಷರಿನ ಬೇರಿಂಗ್ ಕೂತುಹೋಗಿದೆ, ಬೇಗ ಬಾ ಎಂದು ಫೋನು ಬಂತು. ಮೂರನೇ ಕಪ್ಪೆ ಬಾಗಿಲಲ್ಲೇ ನಿಂತಿತ್ತು. ಬೆಳಗ್ಗೆ ಅದನ್ನು ತಂಗಿಯೇ ಓಡಿಸಿದ್ದಳು. ಹಾಗಾಗಿ ಡ್ರೈವರ್ ಕಡೆಯ ಬಾಯಿಬೀಗ ಆಗಲೇ ಅವಳ ಜೇಬು ಸೇರಿತ್ತು. ನನ್ನ ಕಬ್ಬಿಣದ ಸಾಮಾನಿನ ಪೆಟ್ಟಿಗೆಯನ್ನು ಇಬ್ಬರು ಎತ್ತಿ ತಂದು ಗಾಡಿಯ ಹಿಂಬದಿಯಲ್ಲಿ ಇಡಬೇಕು ಎನ್ನುವಷ್ಟರಲ್ಲಿ ತಂಗಿ ಬಂದಳು.

“ಅಣ್ಣ, ಕ್ರಷರ್ ಕಡೆಗಾ? ನಾನೂ ಬರ್ತೀನಿ. ಅಲ್ಲಿ ಜಲ್ಲಿ ರಾಶಿ ಅಳೀಬೇಕು.”

“ಬಾ ತಾಯಿ, ಹತ್ಕೋ.”

ಅವಳು ಹತ್ತಿ ಕೂರುವ ಬದಲು ಸೀಟಿನ ಪಕ್ಕ ಬಗ್ಗಿ ನಿಂತು ಸ್ಕ್ರೂಡ್ರೈವರ್ ತೆಗೆದಳು. ಮೀಟಿದಳು. ತಿರುವಿದಳು. ಹಲ್ಲು ಕಚ್ಚಿ ಮತ್ತೊಮ್ಮೆ ಮೀಟಿದಳು. ಟಕ್ ಎಂದು ಸ್ಕ್ರೂಡ್ರೈವರಿನ ತುದಿಯೇ ಮುರಿಯಿತು. ಹಿಂದಿನ ವಾರವಷ್ಟೇ ನಾನು ಆ ಬಾಯಿಬೀಗವನ್ನು ಬದಲಾಯಿಸಿ, ಇನ್ನಷ್ಟು ಬಿಗಿಯಾದದ್ದನ್ನು ಕೂರಿಸಿದ್ದೆ, ಅವಳಿಗಾಗಿಯೇ. ನನಗೆ ಒಳಗೊಳಗೇ ನಗು.

“ಬರಲ್ವಲ್ಲ ಇದು!”

“ಅಷ್ಟು ಸುಲಭಕ್ಕೆ ಬಂದ್ರೆ ಅದು ನನ್ನ ಕೆಲಸಾನಾ? ಕೂತ್ಕೋ ಕಣೇ, ನಾನೂರು ಹೆಜ್ಜೆ ದಾರಿ. ಅಷ್ಟರೊಳಗೆ ಆಕಾಶ ಬೀಳಲ್ಲ.”

“ಬೇಡ.”

“ಕೂತ್ಕೋ ಅಂದ್ನಲ್ಲ. ಅಲ್ಲಿ ಕೆಲಸ ನಿಂತಿದೆ. ಮೆಲ್ಲಗೆ ಹೋಗ್ತೀನಿ.”

“ನೀನು ಹೋಗು. ನಾನು ನಡ್ಕೊಂಡು ಬರ್ತೀನಿ.”

“ಈ ಬಿಸಿಲಲ್ಲಿ, ಆ ಯಂತ್ರ ಹೊತ್ಕೊಂಡು?”

“ಹೌದು.”

ಸುತ್ತ ನಿಂತವರು ಮುಸಿಮುಸಿ ನಕ್ಕರು. ನನಗೆ ರೇಗಿತು. ಅವಳು ಬೇಡವೆಂದ ಸೀಟಿನ ಮೇಲೇ ಪೆಟ್ಟಿಗೆಯನ್ನು ಇಡಿಸಿದೆ. “ನೋಡು, ನನ್ನ ಪೆಟ್ಟಿಗೆ ನಿನ್ನಷ್ಟೇ ತೂಕ, ನಿನ್ನಷ್ಟು ಹಟ ಇಲ್ಲ,” ಎಂದೆ. ಸೆಕೆಗೆ ಬೆನ್ನು ಬೇಯುತ್ತಿತ್ತು. ಗಣಿಯಲ್ಲಿ ಎಲ್ಲರೂ ತೊಡುವ ಕಿತ್ತಳೆ ಬಣ್ಣದ ಜಾಕೆಟನ್ನು ಬಿಚ್ಚಿ ಆ ಪೆಟ್ಟಿಗೆಯ ಮೇಲೆ ಎಸೆದು ಗಾಡಿ ಏರಿದೆ. ಡ್ರೈವರ್ ಕಡೆ ಬಾಯಿಬೀಗ ಇರಲಿಲ್ಲವಲ್ಲ, ಕೀಂ ಕೀಂ ಶುರುವಾಯಿತು.

“ಕೊಡು ಇತ್ಲಾಗೆ ನನ್ನ ಬಾಯಿಬೀಗ,” ಎಂದು ಕೈಚಾಚಿದೆ.

ಅವಳು ಕೊಡಲಿಲ್ಲ. ಯಂತ್ರವನ್ನು ಕೆಳಗಿಟ್ಟು, ನನ್ನ ಹೆಗಲಾಚೆ ಕೈ ಹಾಕಿ ಬೆಲ್ಟ್ ಎಳೆದು, ಎದೆಯ ಮೇಲೆ ಹಾಯಿಸಿ, ಕಟಕ್ ಎಂದು ಸಿಕ್ಕಿಸಿ, ಸೊಂಟದ ಬಳಿ ಒಮ್ಮೆ ಜಗ್ಗಿ ಬಿಗಿ ಮಾಡಿದಳು. ಐವತ್ನಾಲ್ಕು ವರ್ಷದ ಗಂಡಸಿಗೆ, ಹತ್ತು ಜನರ ಎದುರಿಗೆ! ಬಿಚ್ಚಿ ಎಸೆಯುವುದು ಎಷ್ಟು ಹೊತ್ತಿನ ಕೆಲಸ? ಆದರೆ ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಹಾಳಾಗಿ ಹೋಗಲಿ ಎಂದುಕೊಂಡು ಹೊರಟೆ.

ಮೊದಲು ಅವಳ ಪಕ್ಕದಲ್ಲೇ ಮೆಲ್ಲಗೆ ಓಡಿಸುತ್ತ ಎರಡು ಸಲ ಹಾರ್ನ್ ಹೊಡೆದು ಅಣಕಿಸಿದೆ. ಅವಳು ತಿರುಗಿಯೂ ನೋಡಲಿಲ್ಲ. ಮುಂದೆ ಹೋದೆ. ಹುಚ್ಚು ವೇಗವೇನಲ್ಲ, ಓಡಿದರೆ ಒಬ್ಬ ಮನುಷ್ಯ ಹಿಡಿಯಬಹುದಾದಷ್ಟು. ಪೆಟ್ಟಿಗೆ ಇಟ್ಟ ಕಡೆಗೆ ಗಣಿಯ ಅಂಚು. ಅಲ್ಲಿ ಮೊಣಕಾಲೆತ್ತರದ ಮಣ್ಣಿನ ದಿಂಡು, ಅದರಾಚೆ ಕೆಳಗಿನ ಮೆಟ್ಟಿಲವರೆಗೆ ಜಲ್ಲಿಯ ಇಳಿಜಾರು. ಸಾವಿರಾರು ಸಲ ಓಡಾಡಿದ ದಾರಿ. ಕಣ್ಣು ಕಟ್ಟಿ ಬಿಟ್ಟರೂ ಹೋಗುತ್ತೇನೆ ಎನ್ನುತ್ತಿದ್ದೆ.

ದಾರಿ ಗುಡ್ಡದ ಕಡೆಗೆ ತಿರುಗುವಲ್ಲಿ ಪೆಟ್ಟಿಗೆ ಅಂಚಿನ ಕಡೆಗೆ ಸರಿಯಿತು. ಬಾಗಿಲಿಲ್ಲದ ಗಾಡಿ, ಬಿದ್ದೇ ಹೋಗುತ್ತದೆ ಎಂದು ಕೈ ಚಾಚಿ ಅದರ ಹಿಡಿಯನ್ನು ಹಿಡಿದೆ. ಒಂದೇ ಕೈ ಸ್ಟೀರಿಂಗಿನ ಮೇಲೆ. ಅದೇ ಗಳಿಗೆಗೆ ಮುಂದಿನ ಚಕ್ರ ಮಧ್ಯಾಹ್ನದ ಸ್ಫೋಟದಲ್ಲಿ ಉರುಳಿ ಬಂದಿದ್ದ ತಲೆಗಾತ್ರದ ಕಲ್ಲನ್ನು ಹತ್ತಿತು. ಸ್ಟೀರಿಂಗ್ ನನ್ನ ಕೈಯಿಂದ ಕಿತ್ತುಕೊಂಡು ಅಂಚಿನ ಕಡೆ ಸುತ್ತಿತು. ಕಪ್ಪೆ ಮಣ್ಣಿನ ದಿಂಡನ್ನು ಹತ್ತಿ, ಒಂದು ಕ್ಷಣ ಅಲ್ಲೇ ಯೋಚನೆ ಮಾಡುತ್ತ ನಿಂತಂತೆ ನಿಂತು, ಆಚೆಗೆ ಮಗುಚಿತು.

ಮುಂದಿನದನ್ನು ಹೇಳುವುದು ಕಷ್ಟ. ಆಕಾಶ ಬಂತು, ಜಲ್ಲಿ ಬಂತು, ಮತ್ತೆ ಆಕಾಶ, ಮತ್ತೆ ಜಲ್ಲಿ. ಹಿಡಿದುಕೊಂಡರಾಯಿತು ಎಂದಿದ್ದೆನಲ್ಲ, ನನ್ನ ಎರಡೂ ಕೈಗಳು ಯಾವುದನ್ನೂ ಹಿಡಿದಿರಲಿಲ್ಲ. ಸತ್ತ ಮೀನಿನ ಹಾಗೆ ಅತ್ತಿತ್ತ ಬಡಿದುಕೊಳ್ಳುತ್ತಿದ್ದವು. ಪ್ರತಿ ಉರುಳಿಗೂ ಗಾಡಿ ನನ್ನನ್ನು ಹೊರಗೆಸೆಯಲು ನೋಡುತ್ತಿತ್ತು, ಪ್ರತಿ ಸಲವೂ ಎದೆಯ ಮೇಲೆ ಯಾರೋ ಅಂಗೈ ಇಟ್ಟು ಒತ್ತಿ, ಕೂರು ಎಂದು ಗದರಿಸಿ ಕೂರಿಸಿದಂತಾಗುತ್ತಿತ್ತು. ಅಷ್ಟು ಬಲ ಯಾರದ್ದು ಎಂದು ಆಗಲೇ, ಉರುಳುವ ಮಧ್ಯದಲ್ಲೇ, ಬೆರಗಾಯಿತು. ಸುಳ್ಳಲ್ಲ.

ಆಮೇಲೆ ಎಲ್ಲ ನಿಂತಿತು. ಗಾಡಿ ತಲೆಕೆಳಗಾಗಿ ನಿಂತಿತ್ತು, ನಾನು ಅದರೊಳಗೆ ನೇತಾಡುತ್ತಿದ್ದೆ. ಕೈ ತಾನಾಗಿಯೇ ಕೀಲಿ ತಿರುಗಿಸಿ ಇಂಜಿನ್ ಆರಿಸಿತು. ಎಷ್ಟೊಂದು ಮೌನ! ಎಲ್ಲೋ ಜಲ್ಲಿ ಸಣ್ಣಗೆ ಸುರಿಯುತ್ತಿತ್ತು, ನೀರಿನ ಬಾಟಲಿ ಉರುಳಿ ಉರುಳಿ ದೂರ ಹೋಗುತ್ತಿತ್ತು. ಇಡೀ ಗಣಿ ನನ್ನ ತಲೆಯ ಮೇಲೆ ಬೋರಲಾಗಿ ನೇತಾಡುತ್ತಿತ್ತು, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅದು ಅಷ್ಟು ದೊಡ್ಡದು ಎಂದು ನನಗೆ ಅನ್ನಿಸಿರಲಿಲ್ಲ. ಆ ದೊಡ್ಡದಕ್ಕೂ ನನಗೂ ನಡುವೆ ಇದ್ದದ್ದು ಮೂರು ಬೆರಳು ಅಗಲದ ಪಟ್ಟಿ. ಅದು ಬಿಗಿದುಕೊಂಡು ಸಣ್ಣಗೆ ಕಿರ್ ಎನ್ನುತ್ತಿತ್ತು, ಬಿಡುತ್ತಿರಲಿಲ್ಲ.

ಪಕ್ಕಕ್ಕೆ ತಿರುಗಿದೆ. ಪಕ್ಕದ ಸೀಟು ಖಾಲಿ. ಅದರ ಬಕಲ್ಲಿನಲ್ಲಿ ನನ್ನ ಬಾಯಿಬೀಗ ಅಲ್ಲಾಡದೆ ಕೂತಿತ್ತು. ನನ್ನ ಚುಕ್ಕೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರಾಚೆ, ಪಂಜರದ ದಪ್ಪ ಪೈಪು ಜಲ್ಲಿಯಲ್ಲಿ ಹೂತುಕೊಂಡ ಕಡೆ, ಪೈಪಿನಡಿ ಅಪ್ಪಚ್ಚಿಯಾಗಿ ಕಿತ್ತಳೆ ಬಣ್ಣದ ಜಾಕೆಟ್ ಕಂಡಿತು.

ನನ್ನ ಎದೆ ಒಡೆದುಹೋಯಿತು. ತಲೆಕೆಳಗಾದ ತಲೆಗೆ ಹಿಂದಿನ ಐದು ನಿಮಿಷ ನೆನಪಿಗೆ ಬರಲಿಲ್ಲ. ಎಷ್ಟು ತಡಕಿದರೂ ಸಿಕ್ಕಿದ್ದು ಒಂದೇ ಮಾತು, ಅದೂ ನನ್ನದೇ: ಕೂತ್ಕೋ. ಕೂತ್ಕೋ ಅಂದ್ನಲ್ಲ. ಕೂತಳೋ? ಕೂರಲಿಲ್ಲವೋ? ಅವಳು ಯಾವತ್ತಾದರೂ ನನ್ನ ಮಾತು ಕೇಳಿದ್ದಾಳೆಯೇ? ಇಲ್ಲ. ಇವತ್ತೊಂದು ದಿನ ಕೇಳಿಬಿಟ್ಟಳೋ? ಆ ಸೀಟಿಗೆ ಬೆಲ್ಟ್ ಇಲ್ಲದ ಹಾಗೆ ಮಾಡಿದವನು ನಾನು, ಅವಳಿಗಾಗಿಯೇ ಬಿಗಿಯಾಗಿ ಮಾಡಿದವನು ನಾನು. ಅವಳ ಹೆಸರು ಕೂಗಲು ನೋಡಿದೆ, ಎದೆಯಲ್ಲಿ ಉಸಿರೇ ಇರಲಿಲ್ಲ. ಕೈಚಾಚಿ ಆ ಜಾಕೆಟ್ ಮುಟ್ಟಲು ನೋಡಿದೆ. ಬೆಲ್ಟ್ ಬಿಡಲಿಲ್ಲ.

ಎಷ್ಟು ಹೊತ್ತು ಹಾಗಿದ್ದೆನೋ. ಐದು ಉಸಿರಿನಷ್ಟು ಎಂದು ಆಮೇಲೆ ಅವಳೇ ಲೆಕ್ಕ ಹೇಳಿದಳು. ನನಗೆ ಅದು ನನ್ನ ಇಡೀ ಆಯುಸ್ಸಿಗಿಂತ ಉದ್ದವಾಗಿತ್ತು.

ಮೇಲಿಂದ ಜಲ್ಲಿ ಸುರಿಯುವ ಸದ್ದು ಜೋರಾಯಿತು. ಯಾರೋ ಜಾರುತ್ತ, ಬೀಳುತ್ತ, ಏಳುತ್ತ ಇಳಿದು ಬರುತ್ತಿದ್ದರು.

“ಅಣ್ಣಾ! ಅಲ್ಲಾಡ್ಬೇಡ! ಬಕಲ್ ಒತ್ತಬೇಡ! ತಲೆ ಮೇಲೆ ಬೀಳ್ತೀಯ!”

ಆ ದನಿ ಕೇಳಿ ಅತ್ತೆ. ಗಟ್ಟಿಯಾಗಿ, ನಾಚಿಕೆ ಬಿಟ್ಟು ಅತ್ತೆ. ತಲೆಕೆಳಗೆ ನೇತಾಡುವವನ ಕಣ್ಣೀರು ಹಣೆಯ ಕಡೆ ಹರಿಯುತ್ತದೆ ಎನ್ನುವುದು ಅವತ್ತು ಗೊತ್ತಾಯಿತು.

ಅವಳು ಪಂಜರದೊಳಗೆ ತೂರಿ, ನನ್ನ ಮುಖದೆದುರು ತನ್ನ ಮುಖ ತಂದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಯಂತ್ರವನ್ನು ಎಲ್ಲಿ ಎಸೆದು ಬಂದಿದ್ದಳೋ, ಹೆಗಲ ಮೇಲೆ ಇರಲಿಲ್ಲ.

“ಕೈ ಆಡುತ್ತಾ? ಕಾಲು? ಕುತ್ತಿಗೆ ನೋವಿದ್ಯಾ?”

“ನೀನು... ಸೀಟಲ್ಲಿ... ಕೂತಿರ್ಲಿಲ್ವಾ?”

“ಏನಂತ ಮಾತಾಡ್ತಿದೀಯ? ನಾನು ನಡ್ಕೊಂಡ್ ಬರ್ತಿದ್ನಲ್ಲ!”

“ಆ ಜಾಕೆಟ್ಟು...”

ಅವಳು ತಿರುಗಿ ನೋಡಿದಳು. ನೋಡುತ್ತಲೇ ಉಳಿದಳು. ಅವಳ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. “ನಿಂದೇ ಅದು,” ಎಂದಳು ಮೆಲ್ಲಗೆ. “ನಿನ್ನ ಪೆಟ್ಟಿಗೆ ಮೇಲಿದ್ದಿದ್ದು.”

ಅಷ್ಟರಲ್ಲಿ ಕ್ರಷರಿನವರು ಓಡಿ ಬಂದರು. ಇಬ್ಬರು ನನ್ನ ಹೆಗಲಿಗೆ ಹೆಗಲು ಕೊಟ್ಟು ಹಿಡಿದ ಮೇಲೆ ಅವಳೇ ಬಕಲ್ಲಿನ ಕೆಂಪು ಗುಂಡಿ ಒತ್ತಿದಳು. ಕಟಕ್ ಎಂದು ಬಿಟ್ಟುಕೊಂಡಿತು. ಅಷ್ಟು ಹೊತ್ತು ನನ್ನ ಪೂರ್ತಿ ಭಾರ ಹೊತ್ತದ್ದು, ಬಿಡು ಎಂದು ಒಂದು ಬೆರಳು ಹೇಳಿದ್ದಕ್ಕೆ ಬಿಟ್ಟಿತು. ನಾನು ಎಷ್ಟೋ ಯಂತ್ರ ಬಿಚ್ಚಿ ಜೋಡಿಸಿದವನು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ದಿನಾ ಕಣ್ಣೆದುರು ಇಟ್ಟುಕೊಂಡು ಅದರ ಬಾಯಿಗೆ ತಗಡು ತುರುಕುತ್ತಿದ್ದೆ.

ಗಾಡಿ ಎತ್ತಿದಾಗ ಪೆಟ್ಟಿಗೆ ಈಚೆ ಬಂತು. ಗಟ್ಟಿ ತಗಡಿನ ಪೆಟ್ಟಿಗೆ, ಮೇಲೆ ಆಳು ನಿಂತು ಕುಣಿದರೂ ತಗ್ಗಾಗದಂಥದ್ದು. ನಡುವೆ ಪೈಪು ಬಿದ್ದು ಎರಡು ಮಡಿಕೆಯಾಗಿತ್ತು. ಒಳಗಿನ ದೊಡ್ಡ ಸ್ಪ್ಯಾನರು ಬಾಗಿತ್ತು. ಬಂದವರೆಲ್ಲ ಒಮ್ಮೆ ಪೆಟ್ಟಿಗೆಯನ್ನು ನೋಡಿದರು, ಒಮ್ಮೆ ತಂಗಿಯನ್ನು ನೋಡಿದರು. ಮೈತೂಕದ ತಮಾಷೆ ಮಾಡಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಗಣಿಯ ಡಾಕ್ಟರು ಅಂಗಿ ಬಿಚ್ಚಿಸಿ ನೋಡಿದರು. ಮೂಳೆ ಮುರಿದಿಲ್ಲ, ತಲೆಗೆ ಪೆಟ್ಟಿಲ್ಲ. ಬಲ ಹೆಗಲಿನಿಂದ ಎಡ ಸೊಂಟದವರೆಗೆ ನೇರಳೆ ಬಣ್ಣದ ಒಂದು ಪಟ್ಟಿ ಎದ್ದಿತ್ತು. ಕನ್ನಡಿಯಲ್ಲಿ ಹತ್ತಿರ ಹೋಗಿ ನೋಡಿಕೊಂಡೆ. ಬೆಲ್ಟಿನ ನೇಯ್ಗೆಯ ಎಳೆ ಎಳೆಯೂ ಚರ್ಮದ ಮೇಲೆ ಮೂಡಿತ್ತು. ಹೆಂಡತಿ ಬಂದವಳು ಅದರ ಮೇಲೆ ಬೆರಳಾಡಿಸಿ, “ಇದು ಯಾರು ಹಾಕಿದ್ದು?” ಎಂದಳು. ಬೆಲ್ಟ್ ಯಾರು ಹಾಕಿದ್ದು ಎಂದು ಅವಳ ಪ್ರಶ್ನೆ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ನಾನಾಗಿ ಹಾಕಿಕೊಂಡಿರಲಾರೆ ಎಂದು ಕೇಳದೆಯೇ ಗೊತ್ತಿತ್ತು. “ತಂಗಿ,” ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಫೋನು ಎತ್ತಿಕೊಂಡು ಹೊರಗೆ ಹೋದಳು. ಅತ್ತಿಗೆ ನಾದಿನಿ ಬಹಳ ಹೊತ್ತು ಮಾತಾಡಿದರು.

ಮೂರು ದಿನ ಬಿಟ್ಟು ಕೆಲಸಕ್ಕೆ ಹೋದೆ. ತಂಗಿ ವರ್ಕ್‌ಶಾಪಿನ ಬಾಗಿಲಲ್ಲಿ ಯಂತ್ರದ ಮೂರು ಕಾಲು ಊರಿ ನಿಂತಿದ್ದಳು. ಎಸೆದ ಯಂತ್ರಕ್ಕೆ ಒಂದು ಗೀರು ಬಿದ್ದಿತ್ತಷ್ಟೆ.

“ಏನ್ ಅಳೀತಿದೀಯ?”

“ನೀನು ಎಷ್ಟು ದೂರ ಹೋಗಿದ್ದೆ ಅಂತ. ಎಲ್ಲರೂ ಒಂದೊಂದು ಅಂದಾಜು ಹೇಳ್ತಿದಾರೆ.”

ಕಣ್ಣು ಕಿರಿದು ಮಾಡಿ ನೋಡಿದಳು, ಗುಂಡಿ ಒತ್ತಿದಳು. “ನೂರ ಹದಿನೆಂಟು ಮೀಟರ್,” ಎಂದಳು. ಆಮೇಲೆ ಕೆಂಪು ಬಣ್ಣದ ಡಬ್ಬಿ ಹಿಡಿದು ನಡೆದುಹೋಗಿ, ನಾನು ಮಗುಚಿದ ಜಾಗದ ಎದುರು ಗುಡ್ಡದ ಬಂಡೆಯ ಮೇಲೆ ಆ ಅಂಕಿಯನ್ನು ಬರೆದಳು. ಸರ್ವೆಯವರು ಬರೆಯುವ ಹಾಗೆ, ಅಂಕಿ ಮತ್ತು ಕೆಳಗೊಂದು ಗೆರೆ. ಬೇರೆ ಉಪದೇಶವಿಲ್ಲ. ನೂರ ಹದಿನೆಂಟು ಮೀಟರ್ ಎಂದರೆ ಒಂದು ಸಿಗರೇಟು ಅರ್ಧವೂ ಸುಡದಷ್ಟು ದೂರ. ಒಂದು ಆಯುಸ್ಸು ಮುಗಿಯಲು ಅಷ್ಟು ಜಾಗ ಸಾಕು ಎನ್ನುವುದನ್ನು ಆ ಬಂಡೆಯ ಮುಂದೆ ನಿಂತು ಯೋಚಿಸಿದಾಗ ಮೈ ಜುಂ ಎಂದಿತು.

ನಾನು ಅರ, ಇಕ್ಕಳ, ನಾಲ್ಕು ಬಗೆಯ ತೆಳು ಸ್ಕ್ರೂಡ್ರೈವರ್ ಹಿಡಿದು ಒಂದನೇ ಕಪ್ಪೆಯಿಂದ ಶುರು ಮಾಡಿದೆ. ಒಂದೊಂದು ಬಾಯಿಬೀಗಕ್ಕೂ ಹತ್ತು ನಿಮಿಷ, ಹದಿನೈದು ನಿಮಿಷ. ನನ್ನ ಕೈಕೆಲಸ ಅಷ್ಟು ಚೆನ್ನಾಗಿತ್ತು. ಡಂಪರ್ ಲಾರಿ ಓಡಿಸುವ, ನಾವೆಲ್ಲ ಮೀಸೆ ಎಂದೇ ಕರೆಯುವವನು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಏನ್ ಗುರುವೇ, ನೀನೇ ಮಾಡ್ಕೊಟ್ಟು ನೀನೇ ಕಿತ್ಕೋತೀಯಾ? ಮತ್ತೆ ಕಿವಿ ಹತ್ರ ಕೀಂ ಕೀಂ ಕೇಳ್ಬೇಕಾ ನಾವು?”

ನಾನು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ತೋರಿಸಿದೆ. ನೇರಳೆ ಪಟ್ಟಿ ಅಷ್ಟರಲ್ಲಿ ಹಸಿರು ಹಳದಿಗೆ ತಿರುಗಿತ್ತು. ಮೀಸೆ ಬಗ್ಗಿ ನೋಡಿದ. ಮೀಸೆಯ ಮೇಲೆ ಕೈಯಾಡಿಸಿಕೊಂಡ. ಆಮೇಲೆ ತಾನು ದಿನಾ ಹತ್ತುವ ಕಪ್ಪೆಯ ಬಕಲ್ಲನ್ನು ತಾನೇ ನನ್ನ ಕಡೆ ತಿರುಗಿಸಿ ಹಿಡಿದುಕೊಂಡು, ನಾನು ಕೀಳುವವರೆಗೂ ಪಕ್ಕದಲ್ಲಿ ಕೂತಿದ್ದ.

ಕೊನೆಗೆ ಉಳಿದದ್ದು ಮೂರನೇ ಕಪ್ಪೆಯ ಪಕ್ಕದ ಸೀಟು. ಅದೊಂದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಂದಾಗ ಅಂಗೈ ಮೇಲಿಟ್ಟುಕೊಂಡು ನೋಡಿದೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ ಗುಜರಿಯ ಡ್ರಮ್ಮಿಗೆ ಎಸೆದೆ. ಪಂಜರ ಬಾಗಿದ್ದರಿಂದ ಹೊಸ ಪಂಜರ ಕೂರಿಸಿದ್ದಾಯಿತು. ಒಮ್ಮೆ ಹಾಗೆ ಭಾರ ಹೊತ್ತ ಬೆಲ್ಟನ್ನು ಮತ್ತೆ ಬಳಸಬಾರದು, ಒಳಗೆ ಎಳೆ ಸೋತಿರುತ್ತದೆ ಎಂದು ತಂಗಿ ಹೊಸದನ್ನೇ ತರಿಸಿದ್ದಳು. ಹಳೆಯದನ್ನು ಬಿಚ್ಚುವಾಗ ನಾನು ಅದನ್ನು ಎಸೆಯಲಿಲ್ಲ, ಸುತ್ತಿ ನನ್ನ ಕಪಾಟಿನಲ್ಲಿ ಇಟ್ಟುಕೊಂಡೆ.

ಗಾಡಿ ಸಿದ್ಧವಾದ ದಿನ ಪರೀಕ್ಷೆಗೆಂದು ಕ್ರಷರಿನವರೆಗೆ ಒಂದು ಸುತ್ತು ಹೋಗಿ ಬರಬೇಕಿತ್ತು. “ಬರ್ತೀಯಾ?” ಎಂದೆ ತಂಗಿಗೆ. ಅವಳು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಕೀಂ ಕೀಂ ಶುರುವಾಯಿತು. ಅವಳು ಬೆಲ್ಟಿಗೆ ಕೈ ಹಾಕುವ ಮೊದಲೇ ನಾನು ಬಗ್ಗಿ ಅದನ್ನು ಎಳೆದು, ಅವಳ ಎದೆಯ ಮೇಲೆ ಹಾಯಿಸಿ, ತಿರುಚಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ, ಬಕಲ್ಲಿಗೆ ಸಿಕ್ಕಿಸಿದೆ. ಕಟಕ್.

“ನಾನೇನು ಎರಡನೇ ಕ್ಲಾಸಾ?” ಎಂದಳು.

“ಸುಮ್ನೆ ಕೂತ್ಕೋ.”

ಒಮ್ಮೆ ಜಗ್ಗಿ ನೋಡಿದೆ. ಮತ್ತೊಮ್ಮೆ ಜಗ್ಗಿದೆ. ಕೀಂ ಕೀಂ ಮಾತ್ರ ನಿಲ್ಲಲಿಲ್ಲ. ಬಕಲ್ ಕೆಟ್ಟಿದೆಯೇನೋ ಎಂದು ಬಗ್ಗಿ ನೋಡುತ್ತಿದ್ದೆ.

“ಅಣ್ಣ,” ಎಂದಳು ಅವಳು. “ಈಗ ನಿಂದು.”

ನನ್ನದನ್ನೂ ಹಾಕಿಕೊಂಡೆ. ಕೂಗು ನಿಂತಿತು. ಮೆಲ್ಲಗೆ ಹೊರಟೆ. ಧೂಳು ಅಡಗಿದ್ದ ದಾರಿ, ಅಂಚಿನ ದಿಂಡನ್ನು ಈಗ ಸೊಂಟದೆತ್ತರ ಮಾಡಿದ್ದರು. ಬಂಡೆಯ ಮೇಲಿನ ಕೆಂಪು ಅಂಕಿ ಹತ್ತಿರ ಬಂತು. ತಡೆಯಲಾಗದೆ ಪಕ್ಕಕ್ಕೆ ತಿರುಗಿ ನೋಡಿದೆ. ಸೀಟಿನಲ್ಲಿ ತಂಗಿ ಇದ್ದಳು.

“ಮುಂದೆ ನೋಡಿ ಓಡ್ಸು,” ಎಂದಳು.